ಹದಿನೇಳನೇ ದಿನ

ಶ್ರೀರಾಮಪುರದ ಹಿಟ್ಟಿನ ಗಿರಣಿಯ ಮೇಲೆ ನನ್ನ ಟ್ಯೂಷನ್ನು.
ಕೆಳಗೆ ಕಲ್ಲು ತಿರುಗಿದರೆ ಮೇಲೆ ಕರಿಹಲಗೆ ನಡುಗುತ್ತದೆ,
ಒಂದು ಬರೆದರೆ ಏಳರಂತೆ ಕಾಣುತ್ತದೆ.
ರಾಗಿಯ ಧೂಳು ಯಾವುದು, ಸೀಮೆಸುಣ್ಣ ಯಾವುದು,
ರಾತ್ರಿ ಕೂದಲು ಕೊಡವುವಾಗ ಗೊತ್ತಾಗುವುದಿಲ್ಲ.

ಅವತ್ತು ಚಕ್ರಬಡ್ಡಿ.
ಮೊದಲು ಕೆರೆಯ ಒಗಟು ಹಾಕಿದೆ:
ಒಂದು ಕೆರೆ, ಅದರಲ್ಲೊಂದು ಅಂತರಗಂಗೆ.
ಇವತ್ತು ಒಂದಿದ್ದದ್ದು ನಾಳೆ ಎರಡು, ನಾಡಿದ್ದು ನಾಲ್ಕು.
ಮೂವತ್ತನೇ ದಿನ ನೀರೇ ಕಾಣದಷ್ಟು ಹಸಿರು.
ಅರ್ಧ ಕೆರೆ ಮುಚ್ಚಿದ್ದು ಯಾವತ್ತು?

"ಹದಿನೈದು!" ಎಂದಿತು ಇಡೀ ಕೋಣೆ,
ಬಸ್ಸು ಕಂಡೊಡನೆ ಸ್ಟಾಪಿಗೆ ಸ್ಟಾಪೇ ಎದ್ದ ಹಾಗೆ.

ಹಿಂದಿನ ಸಾಲಿನಿಂದ ಕಸ್ತೂರಿ ಒಬ್ಬಳೇ:
"ಇಪ್ಪತ್ತೊಂಬತ್ತು, ಮಿಸ್."
ಹೇಗೆ ಅಂದೆ.
"ನಮ್ಮಜ್ಜಿ ಇಡ್ಲಿ ಹಿಟ್ಟು ಮಾರ್ತಾರೆ.
ರಾತ್ರಿ ಹನ್ನೊಂದಕ್ಕೆ ನೋಡಿದ್ರೂ ಅಷ್ಟೇ ಇರುತ್ತೆ,
ಎರಡಕ್ಕೆ ನೋಡಿದ್ರೂ ಹೆಚ್ಚುಕಮ್ಮಿ ಅಷ್ಟೇ.
ನಾಲ್ಕೂವರೆಗೆ ಎದ್ರೆ ಮುಚ್ಚಳ ನೆಲದ ಮೇಲೆ."

ಬಡ್ಡಿಗೆ ಬಂದೆವು.
ಬ್ಯಾಂಕು ವರ್ಷಕ್ಕೆ ನೂರಕ್ಕೇಳು ಕೊಟ್ಟರೆ
ಎಪ್ಪತ್ತೆರಡನ್ನು ಏಳರಿಂದ ಭಾಗಿಸಿ:
ಹತ್ತು ವರ್ಷ ಚಿಲ್ಲರೆಯಲ್ಲಿ ದುಡ್ಡು ಇಮ್ಮಡಿ.
ಕಸ್ತೂರಿಯ ಕೈ ಎದ್ದಿತು.
"ಮಿಸ್, ಬೆಳಗ್ಗೆ ಒಂಬೈನೂರು ಕೊಟ್ಟು
ಸಂಜೆ ಸಾವಿರ ಇಸ್ಕೊಂಡ್ರೆ?"

ಅವಳ ತಾಯಿ ಧನಕೋಟಿ. ಹೆಸರಲ್ಲಷ್ಟೇ ಕೋಟಿ.
ಕೆ.ಆರ್. ಮಾರ್ಕೆಟ್ಟಿನ ಮೆಟ್ಟಿಲಲ್ಲಿ ಕನಕಾಂಬರ ಮಾರುತ್ತಾಳೆ.
ಜಾವ ನಾಲ್ಕಕ್ಕೆ ಸಾಲ, ರಾತ್ರಿ ಏಳಕ್ಕೆ ತೀರುವಳಿ.
ನಡುವೆ ಹೂವು ಬಾಡಬಾರದು, ಮಳೆ ಹುಯ್ಯಬಾರದು,
ಬೂಟುಗಾಲಿನವರು ಬುಟ್ಟಿಯ ಕಡೆ ಬರಬಾರದು.

ಒಂಬತ್ತಕ್ಕೆ ಒಂದು. ದಿನಕ್ಕೆ.
ತೀರಿಸದೆ ಬಿಟ್ಟರೆ ಏಳೇ ದಿನಕ್ಕೆ ಇಮ್ಮಡಿ;
ಬ್ಯಾಂಕಿನ ಹತ್ತು ವರ್ಷ ಇಲ್ಲಿ ಒಂದು ವಾರ.
ತಿಂಗಳು ಬಿಟ್ಟರೆ ಇಪ್ಪತ್ತೊಂದು ಸಾವಿರದ ಮೇಲೆ.
ಹಲಗೆಯ ಮೇಲೆ ಅದನ್ನು ನೋಡುತ್ತಾ ನಿಂತೆ.
"ಯಾರೂ ಬಿಡಲ್ಲ ಮಿಸ್, ದಿನಾ ಕಟ್ಬಿಡ್ತಾರೆ" ಎಂದಳು,
ನನ್ನನ್ನು ಸಮಾಧಾನ ಮಾಡುವವಳಂತೆ.

ಹಾಗಾದರೆ ಇನ್ನೊಂದು ಒಗಟು, ಪುಸ್ತಕದಲ್ಲಿಲ್ಲದ್ದು:
ದಿನಕ್ಕೆ ಹತ್ತು ರೂಪಾಯಿ ಡಬ್ಬಿಗೆ.
ಡಬ್ಬಿಯಲ್ಲಿ ಇದ್ದಷ್ಟೂ ಮಾರನೇ ದಿನ ಸಾಲ ಕಮ್ಮಿ.
ಸಾಲ ಕಮ್ಮಿಯಾಗಿ ಉಳಿದ ಬಡ್ಡಿಯೂ ಡಬ್ಬಿಗೇ.
ಒಂಬೈನೂರು ತುಂಬುವುದು ಯಾವತ್ತು?

"ತೊಂಬತ್ತು ದಿನ!" ಮತ್ತೆ ಬಸ್ ಸ್ಟಾಪು.

ಕಸ್ತೂರಿ ಬಾಯಿ ಬಿಡಲಿಲ್ಲ. ಬರೆಯುತ್ತಾ ಕೂತಳು.
ಹತ್ತು.
ಇಪ್ಪತ್ತೊಂದು ರೂಪಾಯಿ ಹನ್ನೊಂದು ಪೈಸೆ.
ಮೂವತ್ತಮೂರು ರೂಪಾಯಿ ನಲವತ್ತಾರು ಪೈಸೆ.
ಮಕ್ಕಳು ಹೋದರು. ಗಿರಣಿ ನಿಂತಿತು.
ಕರೆಂಟು ಹೋಗಿ, ಬಂದು, ಮತ್ತೆ ಹೋಯಿತು.
ಕತ್ತಲಲ್ಲೇ ಹೇಳಿದಳು:
"ಇಪ್ಪತ್ತಮೂರು, ಮಿಸ್.
ಹದಿನೇಳಕ್ಕೆ ಅರ್ಧ. ಮಿಕ್ಕಿದ್ದರ್ಧ ಬರೀ ಆರು ದಿನ."

ಅದೇ ಚಕ್ರ. ಹಿಮ್ಮುಖ ತಿರುಗಿತ್ತು.

ಧನಕೋಟಿ ಕೇಳಿ ನಕ್ಕಳಂತೆ:
"ನಿಮ್ಮ ಮಿಸ್ಸಿನ ಲೆಕ್ಕದಲ್ಲಿ ಆಷಾಢ ಐತಾ?"
ಇರಲಿಲ್ಲ.
ಮೊದಲ ಸಲ ಹನ್ನೊಂದನೇ ದಿನಕ್ಕೆ ಡಬ್ಬಿ ಖಾಲಿ.
ತಮ್ಮನಿಗೆ ಜ್ವರ, ನೂರ ತೊಂಬತ್ತಾರು ರೂಪಾಯಿ.
ಎರಡನೇ ಸಲ ನಾಲ್ಕನೇ ದಿನಕ್ಕೇ.
ಕಾರಣ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ಇಪ್ಪತ್ತು ವರ್ಷದಿಂದ ಸೂತ್ರದಲ್ಲಿ
ಕಾಲಕ್ಕೆ ಅಂತ ಒಂದಕ್ಷರ ಬರೆಯುತ್ತಿದ್ದೆ,
ಅದೇನೋ ಪುಕ್ಕಟೆ ಸಿಗುವ ಹಾಗೆ.

ಇವತ್ತು ಶ್ರಾವಣದ ಗುರುವಾರ, ನಾಳೆ ವರಮಹಾಲಕ್ಷ್ಮಿ.
ಮೊಳ ಹೂವಿಗೆ ಬಾಯಿಗೆ ಬಂದ ಬೆಲೆ.
ಕಸ್ತೂರಿ ಎಲ್ಲರಿಗಿಂತ ಮುಂಚೆ ಬಂದು
ಹಲಗೆಯ ಬಲಮೂಲೆಯಲ್ಲಿ ಸಣ್ಣಗೆ
'ಅರ್ಧ' ಎಂದು ಬರೆದು
ಹಿಂದಿನ ಸಾಲಿಗೆ ಹೋಗಿ ಕೂತಳು.

ಡಸ್ಟರ್ ತಗೊಂಡೆ.
ಆ ಮೂಲೆಯೊಂದನ್ನು ಬಿಟ್ಟು ಎಲ್ಲ ಒರೆಸಿದೆ.
ಕೆಳಗೆ ಯಾರದೋ ರಾಗಿ ಬಿತ್ತು, ಗಿರಣಿ ಶುರುವಾಯಿತು.
ತ್ರಿಕೋನಮಿತಿ, ಅಂದೆ. ಪುಸ್ತಕ ತೆಗೀರಿ.